ಬಾಯಿಪಾಠದ ಬೋರ್ಡು

ಹೊಸ ಡಾಕ್ಟರಮ್ಮ ಗೋಡೆಯ ಮೇಲಿನ ಅಕ್ಷರದ ಬೋರ್ಡನ್ನು ಬದಲಾಯಿಸಿದ್ದೇ ತಪ್ಪಾಯಿತು. ಹಳೇ ಡಾಕ್ಟರು ಕಣ್ಣಿನ ಕ್ಲಿನಿಕ್ಕು ನಡೆಸಿದಷ್ಟು ಕಾಲವೂ ಅಲ್ಲಿ ಒಂದೇ ಬೋರ್ಡು ಇತ್ತು. ಗ, ಪ, ಮ, ರ, ಟ, ಸ ಎಂದು ದಪ್ಪಗೆ ಶುರುವಾಗಿ ಇರುವೆ ಗಾತ್ರದ ಅಕ್ಷರಗಳವರೆಗೆ ಇಳಿಯುತ್ತಿದ್ದ ಅದು ಬೀದಿಯವರಿಗೆಲ್ಲ ಎರಡರ ಮಗ್ಗಿಯಂತೆ ಬಾಯಿಗೆ ಬಂದಿತ್ತು. ಯಾರಾದರೂ ತಡವರಿಸಿದರೆ ಡಾಕ್ಟರೇ ಬಾಯಿಗೆ ಕೈ ಅಡ್ಡ ಹಿಡಿದು ಮುಂದಿನ ಅಕ್ಷರವನ್ನು ಮೆಲ್ಲಗೆ ಹೇಳಿಕೊಡುತ್ತಿದ್ದರು. ಜನರ ಪೇಚಾಟ ಅವರಿಂದ ನೋಡಲಾಗುತ್ತಿರಲಿಲ್ಲ. ಆಮೇಲೆ "ನಿಮ್ದು ಹದ್ದಿನ ಕಣ್ಣು" ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು.

ಕ್ಲಿನಿಕ್ಕು ಮಾರಿದ ಮರುದಿನದಿಂದಲೇ ಅವರಿಗೆ ಪಶ್ಚಾತ್ತಾಪ ಹತ್ತಿಕೊಂಡಿತ್ತು. ಹೆಂಡತಿ ವಿಶ್ರಾಂತಿ ತೆಗೆದುಕೊಳ್ಳಿ ಎಂದದ್ದಕ್ಕೆ ಮಾರಿದರು. ವಿಶ್ರಾಂತಿಯೆಂದರೆ ಅವಳ ಅಡುಗೆಮನೆಯಲ್ಲಿ ಅಡ್ಡಡ್ಡ ನಿಂತು ಬೈಸಿಕೊಳ್ಳುವುದು ಎಂದು ಆಮೇಲೆ ತಿಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಕರಾರಿನಲ್ಲಿ ಒಂದು ಆಸೆಯಿತ್ತು. ವರ್ಷದೊಳಗೆ ಇಬ್ಬರೂ ಒಪ್ಪಿದರೆ ವ್ಯವಹಾರ ಮುರಿಯಬಹುದು. ತಮ್ಮ ಹಳೇ ಕುರ್ಚಿ ಮತ್ತೆ ಸಿಕ್ಕೀತೆಂಬ ಆ ಒಂದೇ ಆಸೆಯ ಮೇಲೆ ಅವರು ದಿನ ದೂಡುತ್ತಿದ್ದರು.

ಅವತ್ತು ಬೆಳಿಗ್ಗೆ ದರ್ಜಿ ಬಂದು ಅವರ ಹೊಸ್ತಿಲ ಮೇಲೇ ಕೂತುಬಿಟ್ಟ.

"ಏನ್ ಡಾಕ್ಟ್ರೇ, ಎಂಥವ್ರಿಗೆ ನಮ್ಮನ್ನ ಮಾರ್ಬಿಟ್ರಿ? ನಿಮ್ಮ ಹತ್ರ ಕೊನೇ ಸಾಲಿನ ತನಕ ಓದ್ತಿದ್ದೆ. ಆಯಮ್ಮ ನೋಡಿದ್ರೆ ಮೊದಲ್ನೇ ಅಕ್ಷರಾನೇ ತಪ್ಪು ಅಂತಾರೆ."

"ನನ್ನ ಲೈಸೆನ್ಸಿಗೆ ಸೈನೇ ಹಾಕಲ್ಲ ಅಂದ್ರು," ಎಂದ ಹಿಂದಿನಿಂದ ಬಸ್ಸಿನ ಡ್ರೈವರು. "ನನಗೆ ಬಸ್ಸು ಕಾಣ್ಸುತ್ತೆ. ಅಷ್ಟು ಸಾಲ್ದಾ?"

ಡಾಕ್ಟರಿಗೆ ಒಳಗೊಳಗೇ ಖುಷಿಯಾಯಿತು. "ಪಾಪ, ಹುಡುಗಿಗೆ ಅನುಭವ ಸಾಲ್ದು," ಎಂದು ಮೇಲೆ ಬೇಸರ ತೋರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು.

"ರೀ, ಒಂದು ನಿಮ್ದು, ಒಂದು ನನ್ದು," ಎಂದಳು ಹೆಂಡತಿ.

"ಅವಸರಕ್ಕೆ ಯಾವುದಾದ್ರೇನು," ಎಂದು ಅವರು ನಡೆದೇಬಿಟ್ಟರು.

ದಾರಿಯಲ್ಲಿ ಮೂಲೆಮನೆಯ ಅತ್ತೆ ಸೊಸೆಯೂ ಸೇರಿಕೊಂಡರು. ಅತ್ತೆಗೆ ಕಣ್ಣಿನ ದೂರಿತ್ತು. ಸೊಸೆಯ ಕಣ್ಣು ಚೆನ್ನಾಗಿಯೇ ಇತ್ತು, ಅವಳು ಜಗಳ ನೋಡಲು ಬಂದಳು.

ಕ್ಲಿನಿಕ್ಕಿನೊಳಗೆ ಕಾಲಿಟ್ಟವರೇ ಡಾಕ್ಟರು, "ಏನಮ್ಮಾ ಇದು, ಬೀದಿಯೆಲ್ಲಾ ಗಲಾಟೆ?" ಎಂದು ಗಂಭೀರವಾಗಿ ವಿಚಾರಿಸಿದ್ದು ಗೂಟಕ್ಕೆ ತೂಗುಹಾಕಿದ್ದ ಬಿಳಿ ಕೋಟನ್ನು. ತಮಾಷೆ ಮಾಡುತ್ತಿದ್ದಾರೆಂದು ಜನ ನಕ್ಕರು. ಡಾಕ್ಟರಮ್ಮ ಇನ್ನೊಂದು ಪಕ್ಕದಿಂದ ಎದ್ದು ಬಂದು, ಅವರ ಮುಖವನ್ನೊಮ್ಮೆ, ಚಪ್ಪಲಿಯನ್ನೊಮ್ಮೆ ನೋಡಿದರು.

"ಸಾರ್, ಮಾರುವಾಗ ಈ ಬೀದಿಯವ್ರ ಕಣ್ಣೆಲ್ಲಾ ಚೆನ್ನಾಗಿದೆ ಅಂದಿದ್ರಿ. ಚೆನ್ನಾಗಿರೋದು ಇವ್ರ ಜ್ಞಾಪಕಶಕ್ತಿ. ಕನ್ನಡಕ ಬೇಕು ಅಂದ್ರೆ ನನ್ನ ಮೇಲೇ ಬೀಳ್ತಾರೆ. ನನಗಂತೂ ಸಾಕಾಗಿದೆ. ವಾಪಸ್ ತಗೊಳ್ಳೋದಾದ್ರೆ ತಗೊಳ್ಳಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಡಾಕ್ಟರು ಅಲ್ಲಿಗೇ ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಗೆದ್ದ ಜಂಬ ಬಾಯಿ ಬಿಡಿಸಿತು.

"ತಗೊಳ್ತೀನಮ್ಮ. ಆದ್ರೆ ತಪ್ಪು ಇವ್ರ ಕಣ್ಣಿಂದಲ್ಲ, ನಿಮ್ಮ ಹೊಸ ಬೋರ್ಡಿಂದು. ನನ್ನ ಹಳೇದನ್ನ ಹಾಕಿ, ನಾನೇ ಓದಿ ತೋರಿಸ್ತೀನಿ. ವರ್ಷಾವರ್ಷ ನನ್ನ ಕಣ್ಣನ್ನೂ ಅದರಲ್ಲೇ ಪರೀಕ್ಷೆ ಮಾಡ್ಕೊಂಡಿದ್ದೀನಿ."

"ಆಗ್ಲಿ ಸಾರ್. ನೀವು ನೋಡಿ ಓದಿದ್ರೆ ಇವತ್ತೇ ಕ್ಲಿನಿಕ್ಕು ನಿಮ್ದು."

ಡಾಕ್ಟರಮ್ಮ ಒಳಗಿನಿಂದ ಹಳೇ ಬೋರ್ಡು ತಂದು, ಹೊಸದನ್ನು ತೆಗೆದು ಅದೇ ಮೊಳೆಗೆ ನೇತುಹಾಕಿದರು. ಡಾಕ್ಟರು ಎದುರು ಗೋಡೆಗೆ ಬೆನ್ನುಕೊಟ್ಟು ನಿಂತು, "ಗ, ಪ, ಮ, ರ, ಟ, ಸ" ಎಂದು ಹಿಡಿದವರು ಉಸಿರು ಬಿಡದೆ ಇರುವೆಗಳ ತನಕ ಇಳಿದರು. ದರ್ಜಿ ತಲೆದೂಗಿದ. "ಒಂದೂ ತಪ್ಪಿಲ್ಲ ನೋಡಿ," ಎಂದ ಡ್ರೈವರು. ಸೊಸೆ ಮಾತ್ರ ಕಿಸಕ್ಕನೆ ನಕ್ಕಳು.

"ದೊಡ್ಡೋರು ಓದುವಾಗ ಎಂಥಾ ನಗು?" ಎಂದು ಅತ್ತೆ ಗದರಿದರು.

"ಅಲ್ಲ ಅತ್ತೆ, ಬೋರ್ಡಿನ ಮುಖ ಗೋಡೆ ಕಡೆಗಿದೆ. ನಮ್ಮ ಕಡೆಗಿರೋದು ಬರೀ ರಟ್ಟು."

ಡಾಕ್ಟರು ಹತ್ತಿರ ಹೋಗಿ ಬೋರ್ಡನ್ನು ಬೆರಳಿನಿಂದ ಸವರಿ ನೋಡಿದರು. ನಾಚಿಕೆಗಿಂತ ಹೆಚ್ಚಾಗಿ ಅವರಿಗೆ ದುಃಖವಾಯಿತು. ಯಾವಾಗಿನಿಂದ ಕಾಣಿಸುತ್ತಿಲ್ಲವೆಂಬುದು ಅವರಿಗೇ ಗೊತ್ತಿರಲಿಲ್ಲ. ದರ್ಜಿಯ ಸೊಟ್ಟ ಹೊಲಿಗೆಗಳು, ಡ್ರೈವರು ಗುದ್ದಿ ಬಂದಿದ್ದ ಗೇಟುಗಳು ಸಾಲಾಗಿ ನೆನಪಾದವು. ಕರುಣೆಯೆಂದು ಹೇಳಿಕೊಟ್ಟ ಒಂದೊಂದು ಅಕ್ಷರವೂ ಇವರ ಕಣ್ಣಿಗೆ ಮಣ್ಣೆರಚಿತ್ತು.

"ಬನ್ನಿ ಸಾರ್, ಕೂತ್ಕೊಳ್ಳಿ," ಎಂದು ಡಾಕ್ಟರಮ್ಮ ಕೈಹಿಡಿದು ಅವರನ್ನು ಕುರ್ಚಿಯಲ್ಲಿ ಕೂರಿಸಿದರು. ಅದು ಅವರ ಹಳೇ ಕುರ್ಚಿಯಲ್ಲ, ಎದುರಿನ ರೋಗಿಯ ಕುರ್ಚಿ. ಹೊಸ ಬೋರ್ಡನ್ನು ಮತ್ತೆ ಮೊಳೆಗೆ ಹಾಕಿ, "ಮೊದಲ್ನೇ ಅಕ್ಷರ ಹೇಳಿ," ಎಂದರು.

ಡಾಕ್ಟರು ಕಣ್ಣು ಕಿರಿದು ಮಾಡಿದರು, ಅಗಲ ಮಾಡಿದರು. ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಬಾಗಿಲಲ್ಲಿ ನಿಂತಿದ್ದ ದರ್ಜಿಗೆ ಆ ಪೇಚಾಟ ಸಹಿಸಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಹೇಳಿಕೊಟ್ಟ.

"ಗ ಅನ್ನಿ ಡಾಕ್ಟ್ರೇ, ಗ."