ಮಾದೇವಿಯ ಗರಗಸವೂ ನನ್ನ ಸನ್ಮಾನವೂ

ಕಾರ್ಯಕ್ರಮ ನನ್ನದು, ಅರಣ್ಯ ಕಚೇರಿಯ ಬೆಂಚು ಕಾದವಳು ಮಾವಳ್ಳಿಯ ಮಾದೇವಿ. ಭಾಷಣ ನನ್ನದು, ಮೀನಿನ ಬುಟ್ಟಿಯನ್ನು ಮನೆಯಲ್ಲಿಟ್ಟು ಮೂರು ಸಲ ಬಸ್ಸು ಹತ್ತಿ ಹೇಳಿಕೆ ಕೊಡಲು ಹೋದವಳು ಅವಳು. ಇದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ, ಏಕೆಂದರೆ ಮುಂದೆ ಓದುತ್ತ ನಿಮಗೆ ನಗು ಬರಬಹುದು. ನಗುವಾಗ ಆ ಬೆಂಚು ನೆನಪಿರಲಿ.

ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಜೊತೆಗೆ ನಮ್ಮೂರಿನ ಪರಿಸರ ಬಳಗದ ಸ್ಥಾಪಕಿ, ಕಾರ್ಯದರ್ಶಿ ಮತ್ತು ಹೆಚ್ಚಿನ ಸಭೆಗಳಲ್ಲಿ ಏಕೈಕ ಸದಸ್ಯೆ. ಎಲ್ಲವನ್ನೂ ಪ್ರಶ್ನಿಸಿ ಎಂದು ಹೇಳಿಕೊಡುವ ಶಾಲೆಯಲ್ಲಿ ಓದಿದವಳಾದ್ದರಿಂದ, ತಪ್ಪು ಕಂಡಲ್ಲಿ ಅದನ್ನು ಹೆಸರಿಟ್ಟು ಕರೆಯುವುದು ನನ್ನ ರೂಢಿ. ನಾನು ಮೀನು ಮಾರುಕಟ್ಟೆಗೆ ಕಾಲಿಟ್ಟರೆ ಹೆಂಗಸರು ಬುಟ್ಟಿಗೆ ಬಾಳೆಲೆ ಮುಚ್ಚುತ್ತಾರೆ. ಅದನ್ನು ನಾನು ಪರಿಸರ ಜಾಗೃತಿ ಎಂದು ತಿಳಿದಿದ್ದೆ!

ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿ ನನಗೆ ಬಾಯಿಪಾಠ. ಲ್ಯಾಟಿನ್ ಹೆಸರುಗಳನ್ನು ನಿಂತಲ್ಲೇ ಒಪ್ಪಿಸಬಲ್ಲೆ. ಹಾಗೆ ಒಪ್ಪಿಸುವಾಗ ನನ್ನ ಸಂಗಾತಿ ಗಣಪತಿ ಪೇಪರಿನಿಂದ ತಲೆಯೆತ್ತದೆ ಒಂದೇ ಪ್ರಶ್ನೆ ಕೇಳುತ್ತಾರೆ. ('ಯಜಮಾನರು' ಎಂಬ ಪದವನ್ನು ನಾನು ತಾತ್ವಿಕ ಕಾರಣಗಳಿಗಾಗಿ ಬಳಸುವುದಿಲ್ಲ.)

"ಎಲ್ಲ ಸರಿ. ಅದ್ರಲ್ಲಿ ಒಂದನ್ನಾದ್ರೂ ನೀನು ಕಂಡಿದ್ಯನೇ?"

"ಕಾಣಬೇಕೆಂದೇನಿಲ್ಲ. ಕಾಪಾಡಿದರೆ ಸಾಕು."

ಈ ಸಲದ ವನ್ಯಜೀವಿ ಸಪ್ತಾಹಕ್ಕೆ ಶಾಲೆಯಲ್ಲಿ ಒಂದು ಪ್ರದರ್ಶನ ಏರ್ಪಡಿಸಿದೆ. 'ನಮ್ಮ ಕಾಡು, ನಮ್ಮ ಕಡಲು, ನಮ್ಮ ಹೆಮ್ಮೆ' ಎಂಬುದು ಅದರ ಹೆಸರು. ಮಾವಳ್ಳಿ, ಕಾಯ್ಕಿಣಿಯ ಮನೆಮನೆಗೂ ಸುತ್ತೋಲೆ ಹೋಯಿತು: 'ತಮ್ಮ ಮನೆತನದಲ್ಲಿ ಕಾಪಾಡಿಕೊಂಡು ಬಂದಿರುವ ವನ್ಯಜೀವಿ ಸಂಬಂಧಿ ವಸ್ತುಗಳನ್ನು ಪ್ರದರ್ಶನಕ್ಕೆ ತಂದು ಸಹಕರಿಸತಕ್ಕದ್ದು.' ಉದುರಿದ ಗರಿ, ಖಾಲಿ ಗೂಡು, ಹಾವಿನ ಪೊರೆ ಬರುತ್ತವೆ ಎಂಬುದು ನನ್ನ ಕಲ್ಪನೆ. ಅದರ ಬೆನ್ನಿಗೇ ಇನ್ನೊಂದು ಪತ್ರ ಬರೆದೆ. ಮುಖ್ಯ ಅತಿಥಿಗಳಾಗಿ ಆಗಮಿಸಬೇಕೆಂದು ಅರಣ್ಯಾಧಿಕಾರಿಗಳಿಗೆ! ಎರಡೂ ಒಂದೇ ಬೆಳಿಗ್ಗೆ, ಒಂದೇ ಪೆನ್ನಿನಲ್ಲಿ.

ಗಣಪತಿ ಎರಡನ್ನೂ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ತಂದವ್ರನ್ನ ಹಿಡೂಕೆ ಅನುಕೂಲ ಆಗ್ಲಿ ಅಂತ ಕರ್ದಿದ್ಯಾ?"

"ವ್ಯಂಗ್ಯ ಬೇಡ," ಎಂದೆ.

ಮಾದೇವಿ ನನ್ನ ಖಾಯಂ ಮೀನುಗಾರ್ತಿ. ಗಂಡ ತೀರಿಕೊಂಡ ಮೇಲೂ ಮಗನ ದೋಣಿಯನ್ನು ಎದುರು ನಿಂತು ಕಡಲಿಗಿಳಿಸುವವಳು. ಅವಳ ಮನೆಯ ಬಾಗಿಲ ಮೇಲೆ ಏನೋ ದೊಡ್ಡದು ತೂಗುತ್ತದೆ ಎಂದು ಮಕ್ಕಳು ಹೇಳಿದ್ದರು. ನೋಡಲು ಹೋದೆ. ಇದ್ದದ್ದು ಗರಗಸ ಮೀನಿನ ಮೂತಿ! ನನ್ನ ತೋಳಿಗಿಂತ ಉದ್ದ. ಎರಡೂ ಅಂಚಿಗೆ ಹಲ್ಲುಗಳ ಸಾಲು. ಮೇಲೆ ವರ್ಷಗಟ್ಟಲೆಯ ಕುಂಕುಮ. ನಮ್ಮ ಕಡಲಿನಲ್ಲಿ ಇಂಥ ಪ್ರಾಣಿ ಈಜಿತ್ತಲ್ಲ ಎಂದು ನನ್ನ ಎದೆ ಹೆಮ್ಮೆಯಿಂದ ಉಬ್ಬಿತು.

"ಅಕ್ಕೋರೆ, ಅದು ಮನೆ ಬಿಟ್ಟು ಹೊರಗೆ ಒಯ್ಯುದಲ್ಲ," ಎಂದಳು ಮಾದೇವಿ. ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಎಂದೇ ಕರೆಯುವುದು. "ಅದಕ್ಕೊಂದು ಮಾತದೆ. ನಮ್ಮ ಮಾವ..."

"ಮಾತೆಲ್ಲ ವೇದಿಕೆಯ ಮೇಲೆ ಹೇಳುವಿಯಂತೆ," ಎಂದು ತಡೆದೆ. ನನಗೆ ಇನ್ನೂ ನಾಲ್ಕು ಮನೆಗಳಿದ್ದವು. "ಮೂಢನಂಬಿಕೆ ಬಿಡು. ನಮ್ಮ ಮಕ್ಕಳು ನೋಡಬೇಡವೇ?"

ಅವಳು ಗರಗಸವನ್ನೂ ನನ್ನನ್ನೂ ನೋಡಿದಳು. "ಎಂತದೋ, ನೀವು ಓದ್ದವ್ರು. ನೀವು ಹೇಳ್ರೆ ಆತು," ಎಂದಳು. ಈ ವಾಕ್ಯವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ಪ್ರದರ್ಶನದ ದಿನ ಮೇಜುಗಳು ಸಾಲಲಿಲ್ಲ! ಕಾಯ್ಕಿಣಿಯಿಂದ ಕಡವೆಯ ಕೊಂಬು ಬಂತು. ಅದರಲ್ಲಿ ಯಾರೋ ಮರೆತ ಟುವಾಲು ಇನ್ನೂ ನೇತಾಡುತ್ತಿತ್ತು. ಮಗು ಬೆಚ್ಚಬಾರದೆಂದು ಉಡಿದಾರಕ್ಕೆ ಕಟ್ಟುವ ಚಿಪ್ಪುಹಂದಿಯ ಚಿಪ್ಪು ಬಂತು. ಮಂಗಟ್ಟೆ ಹಕ್ಕಿಯ ಕೊಕ್ಕು ಬಂತು. ಪಂಜರ ಸಮೇತ ಗಿಳಿ ಬಂತು. ಮುಖ್ಯೋಪಾಧ್ಯಾಯರು ತಮ್ಮ ಸಕ್ಕರೆ ಕಾಯಿಲೆಗೆ ಕುದಿಸಿ ಕುಡಿಯುವ ಏಕನಾಯಕದ ಬೇರನ್ನು, ಅಳಿವಿನ ಅಂಚಿನ ಸಸ್ಯವೆಂದು ನನ್ನಿಂದಲೇ ಕೇಳಿ ತಿಳಿದು, ಭಕ್ತಿಯಿಂದ ತಂದಿಟ್ಟರು. ನಡುವಿನ ಮೇಜಿನಲ್ಲಿ, ಬಿಳಿ ವಸ್ತ್ರದ ಮೇಲೆ, ಮಾದೇವಿಯ ಗರಗಸ. ಪಕ್ಕದಲ್ಲಿ, ಮಕ್ಕಳಿಗೆ ಸ್ಫೂರ್ತಿಯಾಗಲೆಂದು, ಹಿಂದಿನ ವರ್ಷ ಸಂಘವೊಂದು ನನಗೆ ಕೊಟ್ಟ ಸನ್ಮಾನದ ಸ್ಮರಣಿಕೆಯನ್ನೂ ಇಟ್ಟೆ. ಅಂಗೈಯಗಲದ್ದಲ್ಲ, ತಲೆಯಷ್ಟೇ ದೊಡ್ಡದಾದ, ನೆತ್ತಿಯಲ್ಲಿ ಕೊಂಬಿನಂಥ ಗುಬಟುಗಳಿದ್ದ ಹೊಳೆಯುವ ಶಂಖ. ಮೇಲೆ ಚಿನ್ನದ ಬಣ್ಣದಲ್ಲಿ ನನ್ನ ಹೆಸರು.

ಅಧಿಕಾರಿಗಳ ಜೀಪು ಬಂತು. ಅವರನ್ನು ಮೊದಲು ಸ್ವಾಗತಿಸಿದ್ದು ನಾನಲ್ಲ, ಗಿಳಿ. "ಬನ್ನಿ, ಕೂತ್ಕಳಿ!" ಎಂದಿತು. ಅವರು ಕೂರಲಿಲ್ಲ.

ಮೇಜಿನಿಂದ ಮೇಜಿಗೆ ನಡೆದರು. ಕೊಂಬನ್ನು ನೋಡಿದಾಗ ಮುಗುಳ್ನಗೆ ಮಾಯವಾಯಿತು. ಚಿಪ್ಪನ್ನು ನೋಡಿದಾಗ ಟೋಪಿ ತೆಗೆದರು. ಗರಗಸದ ಮುಂದೆ ನಿಂತೇಬಿಟ್ಟರು.

"ಮೇಡಂ, ಇದನ್ನೆಲ್ಲ ತರಿಸಿದ್ದು ಯಾರು?"

"ನಾನೇ!" ಎಂದೆ. ಆ ಕ್ಷಣದವರೆಗೂ ಹೆಮ್ಮೆಯಿತ್ತು.

"ಇದರಲ್ಲಿ ಮುಕ್ಕಾಲು ಪಾಲು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಕಂಡ ಮೇಲೆ ಕಾಣದ ಹಾಗೆ ಹೋಗೋಕೆ ನನಗೆ ಕಾನೂನು ಬಿಡಲ್ಲ. ಇದು ಯಾರದ್ದು?"

ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು. ಕೊಂಬು ಯಾರದ್ದೂ ಅಲ್ಲ. ಚಿಪ್ಪು ಯಾರದ್ದೂ ಅಲ್ಲ. ಮುಖ್ಯೋಪಾಧ್ಯಾಯರಿಗೆ ತಟ್ಟನೆ ಸಕ್ಕರೆ ಕಾಯಿಲೆ ಗುಣವಾಯಿತು! ಮಾದೇವಿ ಮಾತ್ರ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಇದು ನಮ್ದು ಸಾಯೇಬ್ರೆ. ನಮ್ಮ ಮಾವ ಹಿಡ್ದದ್ದು."

"ಯಾವಾಗ?"

"ನನ್ನ ಮದ್ವಿಯಾದ ಮಳೆಗಾಲದ ಹಿಂದಿನ ಮಳೆಗಾಲ. ಅಳಿವೆ ಬಾಯಲ್ಲಿ ಬಲೆಗೆ ಬಿತ್ತು. ದಡಕ್ಕೆ ತಂದು ಕೊಯ್ದ್ರೆ ಹೊಟ್ಟೆ ತುಂಬ ಮರಿ. ಒಂದೊಂದಕ್ಕೂ ಬೆರಳುದ್ದದ ಗರಗಸ, ತಾಯಿಗೆ ತಾಗಬಾರ್ದು ಅಂತ ಮೇಲೆ ಪೊರೆ. ಮಾವ ಅದನ್ನ ಕಂಡು ಅಲ್ಲೇ ಮಣ್ಣಲ್ಲಿ ಕೂತ್ರು. ಆವತ್ತಿಂದ ಹೊಳೆ ಸಮುದ್ರಕ್ಕೆ ಸೇರುವಲ್ಲಿ ಮರಿ ಹಾಕು ಕಾಲಕ್ಕೆ ನಮ್ಮ ಕೇರಿಯವ್ರು ಯಾರೂ ಬಲೆ ಕಟ್ಟುದಿಲ್ಲ. ಪ್ರತಿ ವರ್ಷ ಶ್ರಾವಣದ ನೂಲ ಹುಣ್ಣಿಮೆಗೆ ಇದನ್ನ ಮುಟ್ಟಿ, ಇನ್ನೊಂದನ್ನ ಹಿಡುದಿಲ್ಲ ಅಂತ ಹೇಳ್ಯೇ ದೋಣಿ ನೀರಿಗೆ ಇಳ್ಸುದು. ನನ್ನ ಮಗನೂ ಹೇಳ್ತ."

ನಾನು ಬಾಯಿಪಾಠ ಮಾಡಿದ ಕಾನೂನನ್ನು ಈ ಕೇರಿ, ಆ ಮೀನು ಪಟ್ಟಿಗೆ ಸೇರುವ ಮೊದಲಿನಿಂದ ಪಾಲಿಸುತ್ತಿತ್ತು! ಅವರ ಬುಟ್ಟಿಗಳಲ್ಲಿ ತಪ್ಪು ಹುಡುಕುತ್ತ ತಿರುಗಿದವಳು ನಾನು. ಮೊದಲ ಬಾರಿಗೆ ನನ್ನ ಬಗ್ಗೆ ಅಲ್ಲದ ಒಂದು ಹೆಮ್ಮೆ ನನ್ನೊಳಗೆ ಎದ್ದಿತು.

ಅದು ಪೂರ್ತಿ ಏಳುವ ಮೊದಲೇ ಅಧಿಕಾರಿಗಳು ಪಕ್ಕದ ಶಂಖವನ್ನು ಕೈಗೆತ್ತಿಕೊಂಡರು. ತಿರುಗಿಸಿ ನೋಡಿದರು.

"ಇದೂ ಪಟ್ಟಿಯಲ್ಲಿದೆ ಮೇಡಂ. ಕೊಂಬಿನ ಶಂಖ. ಅಂಡಮಾನ್ ಕಡೆಯದು. ಕದ್ದು ಮಾರ್ತಾರೆ."

"ಕ್ಯಾಸಿಸ್ ಕಾರ್ನ್ಯೂಟಾ!" ಎಂಬ ಲ್ಯಾಟಿನ್ ಹೆಸರು ನನ್ನ ಬಾಯಿಂದ ತಾನಾಗಿ ಹೊರಟಿತು. ಒಂದು ವರ್ಷದಿಂದ ಅದು ನಮ್ಮ ಟೀವಿಯ ಮೇಲಿತ್ತು. ದಿನವೂ ನಾನೇ ಧೂಳು ಒರೆಸುತ್ತಿದ್ದೆ.

"ಉಳಿದವು ಯಾರವು ಅಂತ ವಿಚಾರಿಸಬೇಕು," ಎಂದರು ಅವರು ಸಂಕೋಚದಿಂದ. "ಇದರ ಮೇಲೆ ಹೆಸರೇ ಬರೆದಿದೆ." ಆಮೇಲೆ, ಕರ್ತವ್ಯವೆಂಬಂತೆ, ಕೆಳಗಿನ ಸಾಲನ್ನೂ ಗಟ್ಟಿಯಾಗಿ ಓದಿದರು: "ವನ್ಯಜೀವಿ ಸಂರಕ್ಷಣೆಯಲ್ಲಿ ಸಲ್ಲಿಸಿದ ಅನುಪಮ ಸೇವೆಗಾಗಿ."

ಗಿಳಿ ನಕ್ಕಿತೆಂದು ಮಕ್ಕಳು ಹೇಳುತ್ತಾರೆ. ನಾನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಮಹಜರು ಬರೆಯಲು ಇಬ್ಬರು ಸಾಕ್ಷಿಗಳು ಬೇಕಾದರು. ಒಬ್ಬರು ಮುಖ್ಯೋಪಾಧ್ಯಾಯರು. ಇನ್ನೊಬ್ಬರು ಯಾರೆಂದು ಕೇಳುವ ಮೊದಲೇ ಗಣಪತಿ ಪೆನ್ನು ತೆಗೆದಿದ್ದರು. ಮದುವೆ ನೋಂದಣಿಯ ದಿನವೂ ಅವರು ಇಷ್ಟು ಉತ್ಸಾಹದಿಂದ ಸಹಿ ಹಾಕಿರಲಿಲ್ಲ!

"ನನ್ನ ವಿರುದ್ಧ ಸಾಕ್ಷಿ ಹೇಳುತ್ತೀರಾ?"

"ಕಂಡದ್ದನ್ನ ಕಂಡೆ ಅಂತ ಹೇಳ್ತೆ. ತಪ್ಪು ಕಂಡಲ್ಲಿ ಹೆಸರಿಟ್ಟು ಕರೀಬೇಕು ಅಂತ ನೀನೇ ಹೇಳುದಲ್ದಾ?"

ಅಧಿಕಾರಿಗಳು ಸಜ್ಜನರು. ಎಲ್ಲವನ್ನೂ 'ಸ್ವಇಚ್ಛೆಯಿಂದ ಒಪ್ಪಿಸಿದ್ದು' ಎಂದು ಬರೆದುಕೊಂಡರು. ಯಾರ ಮೇಲೂ ಮೊಕದ್ದಮೆಯಾಗಲಿಲ್ಲ. ಆದರೂ ಒಂದು ಅನ್ಯಾಯವನ್ನು ಹೇಳದೆ ಬಿಡಲಾರೆ. ನನ್ನ ಹೇಳಿಕೆಯನ್ನು ಶಾಲೆಯಲ್ಲೇ, ಕುರ್ಚಿ ಕೊಟ್ಟು, ಚಹಾ ಕುಡಿಸಿ ಪಡೆದುಕೊಂಡರು. ಮಾದೇವಿಯನ್ನು ಕಚೇರಿಗೆ ಕರೆಸಿದರು. ಮೊದಲ ದಿನ ಸಾಹೇಬರು ಇರಲಿಲ್ಲ. ಎರಡನೆಯ ದಿನ ನಮೂನೆಯಲ್ಲಿ ಮೀನಿನ ಶಾಸ್ತ್ರೀಯ ಹೆಸರು ಬೇಕೆಂದರು. ಅವಳಿಗೆ ಆ ಮೀನಿನ ಮರಿಯ ಮೂತಿಯ ಪೊರೆ ಗೊತ್ತು. ಶಾಸ್ತ್ರೀಯ ಹೆಸರು ಗೊತ್ತಿಲ್ಲ. ಮೂರನೆಯ ದಿನ ನಾನು ಜೊತೆಗೆ ಹೋದೆ. ಲ್ಯಾಟಿನ್ ಹೆಸರನ್ನು ಅಕ್ಷರ ತಪ್ಪದೆ ಬರೆಸಿದೆ. ನನ್ನ ಬಾಯಿಪಾಠ ಉಪಯೋಗಕ್ಕೆ ಬಂದ ಏಕೈಕ ಸಂದರ್ಭವದು, ಅದೂ ಅವಳ ಗರಗಸವನ್ನು ಉಗ್ರಾಣಕ್ಕೆ ಕಳಿಸಲು!

ಮರಳುವ ಬಸ್ಸಿನಲ್ಲಿ ಕ್ಷಮೆ ಕೇಳಿದೆ. ಮಾದೇವಿ ಕಿಟಕಿಯ ಆಚೆ ನೋಡುತ್ತಿದ್ದಳು.

"ನೀವು ಬೇಕಂತ ಮಾಡ್ದದ್ದಲ್ಲ ಬಿಡಿ. ಆದ್ರೆ ಅಕ್ಕೋರೆ, ಬಪ್ಪ ನೂಲ ಹುಣ್ಣಿಮೆಗೆ ನನ್ನ ಮಗ ಎಂತದನ್ನ ಮುಟ್ಟಿ ಹೇಳುದು?"

ಆ ಪ್ರಶ್ನೆಯನ್ನು ಉತ್ತರ ಕೊಡಬೇಕಾದವರಿಗೇ ಕೇಳುತ್ತಿದ್ದೇನೆ.

ಅರಣ್ಯ ಇಲಾಖೆಯ ಸಂಬಂಧಪಟ್ಟವರೇ, ಆ ಗರಗಸ ಉಗ್ರಾಣದಲ್ಲಿ ಧೂಳು ತಿನ್ನುವ ವಸ್ತುವಲ್ಲ. ನೂಲ ಹುಣ್ಣಿಮೆಯ ಒಳಗೆ ಅದನ್ನು ಮಾವಳ್ಳಿಯ ಶಾಲೆಗೆ ಕಳಿಸಿ. ಗಾಜಿನ ಪೆಟ್ಟಿಗೆಯಲ್ಲಿ, ನಿಮ್ಮದೇ ಮುದ್ರೆಯೊಡನೆ, ಸರ್ಕಾರದ ಸ್ವತ್ತಾಗಿಯೇ ಇರಲಿ. ಹುಣ್ಣಿಮೆಯ ದಿನ ಮಾತ್ರ ಕೇರಿಯವರು ಮುಟ್ಟಲು ಪೆಟ್ಟಿಗೆ ತೆರೆದಿಡಿ. ಕೆಳಗೆ ಮಾದೇವಿಯ ಮಾವನ ಹೆಸರನ್ನೂ ಅವರ ಮಾತನ್ನೂ ಬರೆಸಿ. ಭಟ್ಕಳದಿಂದ ಕುಮಟಾದವರೆಗೆ ಪ್ರತಿ ಮೀನು ಇಳಿಸುವ ಜಾಗದಲ್ಲೂ, ಹಿಡಿಯಬಾರದ ಜೀವಿಗಳ ಚಿತ್ರಗಳನ್ನು ಕನ್ನಡ, ಕೊಂಕಣಿ, ನವಾಯತಿಯಲ್ಲಿ ಅಲ್ಲಿನವರು ಕರೆಯುವ ಹೆಸರಿನೊಡನೆ ಹಾಕಿಸಿ. ಹೆಸರು ಗೊತ್ತಿಲ್ಲದಿದ್ದರೆ ಮಾದೇವಿಯನ್ನು ಕೇಳಿ. ಈ ಸಲ ಕುರ್ಚಿ ಕೊಟ್ಟು ಕೇಳಿ.

ನನ್ನ ಶಂಖವನ್ನು ಮರಳಿಸಬೇಕೆಂದು ನಾನು ಒತ್ತಾಯಿಸುವುದಿಲ್ಲ. ಸಾಧ್ಯವಾದರೆ, ಅದರ ಮೇಲಿನ ಹೆಸರನ್ನು ಮಾತ್ರ ಕೆರೆದುಬಿಡಿ.