ಗಾಳಿ ಕಂಪನಿಯಲ್ಲಿ ಬೆಟ್ಟಮ್ಮಜ್ಜಿಯ ಪಾಲು

ನಾನು ಮೂರು ಸಲ ಯೋಚಿಸದೆ ಯಾವ ಕೆಲಸವನ್ನೂ ಮಾಡುವವನಲ್ಲ. ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆಯಲ್ಲೂ ಹಾಗೆಯೇ ಮಾಡಿದೆ. (ಎರಡನೇ ಲೆಕ್ಕವನ್ನು ಮೂರನೇ ಸಲ ಯೋಚಿಸುತ್ತಿರುವಾಗ ಗಂಟೆ ಹೊಡೆಯಿತು.) ಅಲ್ಲಿಗೆ ನನ್ನ ವಿದ್ಯಾಭ್ಯಾಸ ಮುಗಿಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಎಮ್ಮೆಗೂ ನನಗೂ ಒಂದೇ ವ್ಯತ್ಯಾಸ. ಎಮ್ಮೆ ಹಾಲು ಕೊಡುತ್ತಿತ್ತು.

ಅಜ್ಜಿಯ ಕಣ್ಣಿನಲ್ಲಿ ಒಮ್ಮೆಯಾದರೂ ಎಮ್ಮೆಗಿಂತ ಮೇಲಾಗಬೇಕೆಂಬುದು ನನ್ನ ಆಸೆ. ದಾರಿ ಸಿಕ್ಕಿದ್ದು ಪಾಂಡವಪುರದ ಕುಮಾರಣ್ಣನ ಕಟಿಂಗ್ ಶಾಪಿನಲ್ಲಿ, ಯಾರೂ ಓದದ ಷೇರುಪೇಟೆಯ ಪುಟದಲ್ಲಿ. ಗಾಳಿಯಿಂದ ಕರೆಂಟು ತೆಗೆಯುವ ಒಂದು ಕಂಪನಿ. ಸಾಲವಿಲ್ಲ, ಹೊಸದಾಗಿ ಇಪ್ಪತ್ತು ಗಾಳಿಯಂತ್ರ ನೆಟ್ಟಿದೆ, ಆದರೂ ಹತ್ತು ರೂಪಾಯಿಯ ಷೇರು ನಾಲ್ಕಕ್ಕೆ ಬಿದ್ದಿದೆ. ಮೂರು ತಿಂಗಳು ದಿನವೂ ಐದು ಮೈಲಿ ಸೈಕಲ್ಲು ತುಳಿದು ಹೋಗಿ ದರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಅಜ್ಜಿಯ ಬಳಿ ಕರು ಮಾರಿದ ನಾನೂರು ರೂಪಾಯಿ ಇತ್ತು. ಸಂತೆಬಾಚಹಳ್ಳಿಯ ಸಂತೆಯಲ್ಲಿ ರಾಸು ಆರಿಸಿದವಳಿಗೆ ರಾಸಿನ ಭಾಷೆಯಲ್ಲೇ ಹೇಳಿದೆ: ಮೈ ಸೊರಗಿದೆ, ಆದರೆ ಸುಳಿ ಒಳ್ಳೆಯದಿದೆ, ಸೊರಗಿರುವಾಗಲೇ ಹಿಡಿಯಬೇಕು. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ನಮ್ ಸಕ್ರೆ ಕಾರ್ಖಾನೆ ಷೇರಿದ್ದಂಗೇ ತಾನೇ ಇದೂವೆ?"

ಹೌದು ಎಂದುಬಿಟ್ಟೆ. ಮೂರು ಸಲ ಯೋಚಿಸದೆ ಆಡಿದ ಮಾತು ಅದೊಂದೇ.

ನನಗಿನ್ನೂ ಹದಿನೇಳಾದ್ದರಿಂದ ಮೈಸೂರಿನ ಬ್ರೋಕರ್ ಮೂಲಕ ನೂರು ಷೇರು ಅಜ್ಜಿಯ ಹೆಸರಿನಲ್ಲೇ ಬಂದವು. ಅವಳು ಹೆಬ್ಬೆಟ್ಟು ಒತ್ತಿ, ಷೇರುಪತ್ರಕ್ಕೆ ಅರಿಶಿನ ಕುಂಕುಮ ಇಟ್ಟು ಟ್ರಂಕಿಗೆ ಸೇರಿಸಿದಳು. ಆಮೇಲೆ ನಾನು ಕರೆಂಟು ಬಿಲ್ಲಿಗೆ ದುಡ್ಡು ಕೇಳಿದಾಗಲೆಲ್ಲ "ಅದು ಆಯ್ತು ಬುಡ್ಲಾ" ಎನ್ನುತ್ತಿದ್ದಳು.

ಎರಡು ತಿಂಗಳಾದ ಮೇಲೆ ಲೈನ್‌ಮನ್ ಮಂಚಯ್ಯನವರು ಫ್ಯೂಸು ಕೀಳಲು ಬಂದರು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ನಾವ್ಯಾಕ್ಲಾ ಬಿಲ್ಲು ಕಟ್ಟಾನ? ಷೇರುದಾರ್ರು ನಾವು. ಕಾರ್ಖಾನೆ ಷೇರಿಗೆ ವರ್ಸ ವರ್ಸ ಸಕ್ರೆ ಬತ್ತದೆ. ಗಾಳಿ ಷೇರಿಗೆ ಕರೆಂಟು ಬರ್ಬೇಕೋ ಬ್ಯಾಡ್ವೋ?"

ಮಂಚಯ್ಯನವರು ನನ್ನನ್ನು ನೋಡಿದರು. ನಾನು ಕಂಬವನ್ನು ನೋಡಿದೆ. ಅಜ್ಜಿ ತಂದು ತೋರಿಸಿದ ಪತ್ರವನ್ನು ಅವರು ಎರಡು ಸಲ ಓದಿದರು, ಕಂಪನಿಯ ಹೆಸರನ್ನು ಬಿಲ್ಲಿನ ಹಿಂದೆ ಗುರುತು ಹಾಕಿಕೊಂಡರು, ಆಮೇಲೆ ಫ್ಯೂಸು ಕಿತ್ತುಕೊಂಡು ಹೋದರು. ಬಾಕಿಯನ್ನೂ ದಂಡವನ್ನೂ ನನ್ನ ಹಬ್ಬದ ಅಂಗಿಯ ದುಡ್ಡಿನಲ್ಲಿ ಕಟ್ಟಿದೆ.

ನಾಲ್ಕು ತಿಂಗಳಿಗೆ ಷೇರು ಹನ್ನೊಂದಾಯಿತು. ನನ್ನ ನೋಟ್‌ಬುಕ್ಕು ಗೆದ್ದಿತು! ಮಾರೋಣ, ಹೆಬ್ಬೆಟ್ಟು ಒತ್ತು ಎಂದು ಓಡಿಬಂದೆ. ಅಜ್ಜಿ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ನಿಮ್ ತಾತ ಸಾಯೋಗಂಟ ಕಾರ್ಖಾನೆ ಷೇರು ಮಾರ್ಲಿಲ್ಲ. ಮಾರುದ್ರೆ ಬರಾದು ನಿಂತೋಯ್ತದೆ ಕಣ್ಲಾ."

ಬರುತ್ತಿರುವುದೇ ಏನೂ ಇಲ್ಲವಲ್ಲ ಎಂದು ಎಂಟು ದಿನ ವಿವರಿಸಿದೆ. ಒಂಬತ್ತನೆಯ ದಿನ ಮಂಚಯ್ಯನವರು ಸೆಕೆಂಡ್ ಹ್ಯಾಂಡ್ ಮೊಪೆಡ್ಡಿನಲ್ಲಿ ಬಂದು ಅಜ್ಜಿಯ ಕೈಗೆ ಮೈಸೂರುಪಾಕಿನ ಪೊಟ್ಟಣ ಕೊಟ್ಟರು. ಅಂದು ಗುರುತು ಹಾಕಿಕೊಂಡ ಹೆಸರಿನಲ್ಲಿ ಐನೂರು ಷೇರು ಕೊಂಡಿದ್ದರಂತೆ, ಹನ್ನೊಂದಕ್ಕೆ ಮಾರಿದರಂತೆ. "ನಿನ್ ಕೈಗುಣ ಬೆಟ್ಟವ್ವ" ಎಂದರು. ಅಜ್ಜಿ ನನಗೂ ಒಂದು ತುಂಡು ಕೊಟ್ಟಳು. ಗಾಳಿ ಕಂಪನಿಯಿಂದ ಇದುವರೆಗೆ ನನಗೆ ಬಂದ ಲಾಭಾಂಶ ಅಷ್ಟೇ.

ಮಳೆಗಾಲ ಮುಗಿಯುವ ಹೊತ್ತಿಗೆ ಷೇರು ಮೂರಕ್ಕೆ ಇಳಿಯಿತು. ಅಜ್ಜಿಗೆ ಮೆಲ್ಲಗೆ ತಿಳಿಸಿದೆ. ಅವಳು ಆಗ ಮುಷ್ಟಿ ಬಿಚ್ಚಿದಳು.

"ಅಂಗಾರೆ ಇನ್ನೂ ಸೊರಗ್ಯದೆ ಅನ್ನು. ಸೊರಗಿರೋವಾಗ್ಲೇ ಇಡೀಬೇಕು ಅಂತ ಯೋಳ್ಕೊಟ್ಟೋನು ನೀನೇ ಅಲ್ವಾ? ಇನ್ನೊಂದ್ನೂರು ತಕಾ."

ದುಡ್ಡೆಲ್ಲಿದೆ ಎಂದೆ. ಅವಳು ನನ್ನ ಸೈಕಲ್ಲಿನ ಕಡೆ ನೋಡಿದಳು, ಸಂತೆಯಲ್ಲಿ ರಾಸು ನೋಡುವ ಹಾಗೆ.

ಈಗ ದರ ಬರೆದುಕೊಳ್ಳಲು ಪಾಂಡವಪುರಕ್ಕೆ ನಡೆದೇ ಹೋಗುತ್ತೇನೆ. ಒಮ್ಮೊಮ್ಮೆ ಮಂಚಯ್ಯನವರು ದಾರಿಯಲ್ಲಿ ಮೊಪೆಡ್ಡು ನಿಲ್ಲಿಸಿ ನನ್ನನ್ನು ಹಿಂದೆ ಕೂರಿಸಿಕೊಳ್ಳುತ್ತಾರೆ. ಸ್ವಲ್ಪ ದೂರ ಹೋದ ಮೇಲೆ ಕತ್ತು ತಿರುಗಿಸಿ ಮೆಲ್ಲಗೆ ಕೇಳುತ್ತಾರೆ:

"ನಿಮ್ಮಜ್ಜಿ ಈಗ ಯಾವ್ದು ತಕೊಂಡವ್ಳೆ, ಯೋಳ್ಲಾ."