ಕಣ್ಣು ತೆರೆದವರ ರಿಜಿಸ್ಟರ್

ಪ್ರಾರ್ಥನೆ ಮಾಡಿಸುವುದರಲ್ಲಿ ಅಂಥ ಘನಕಾರ್ಯವೇನಿದೆ? ಮಕ್ಕಳು ಕೈ ಮುಗಿಯಬೇಕು, ಕಣ್ಣು ಮುಚ್ಚಬೇಕು, ಮೇಷ್ಟ್ರು ನಾಲ್ಕು ಒಳ್ಳೆಯ ಮಾತು ಹೇಳಿ ‘ಆಮೆನ್’ ಅನ್ನಬೇಕು. ಮುಗಿಯಿತು! ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಒಂದು ಮಿಷನ್ ಪ್ರೈಮರಿ ಶಾಲೆಯಲ್ಲಿ ಮೂರನೆಯ ಕ್ಲಾಸಿನ ಮೇಷ್ಟ್ರಾಗಿದ್ದ ನನ್ನ ತಿಳಿವಳಿಕೆ ಇಷ್ಟೇ ಇತ್ತು.

ನಾನು ಕುರುಗೋಡಿನವನು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಸರ್ಕಾರಿ ನೌಕರಿ ಕೈಕೊಟ್ಟು ಕೂತಿದ್ದಾಗ ಕರೆದು ಕೆಲಸ ಕೊಟ್ಟವರು ಆ ಶಾಲೆಯ ಹೆಡ್ ಟೀಚರ್ ಎಸ್ತರಮ್ಮನವರು. ಒಮ್ಮೆ ಅವರು ಮಗಳ ಬಾಣಂತನಕ್ಕೆಂದು ಸಿರುಗುಪ್ಪಕ್ಕೆ ಹೊರಟರು. ಬೆಳಗಿನ ಪ್ರಾರ್ಥನೆಯ ಜವಾಬ್ದಾರಿ ನನ್ನ ತಲೆಗೆ ಬಂತು.

“ಮೂರು ವಾರ ನೋಡಿಕೊಳ್ರಿ ಮೇಷ್ಟ್ರೇ. ಹಾಡು ಆದ ಮ್ಯಾಲೆ ಯಾರಿಗಾಗಿ ಪ್ರಾರ್ಥನಿ ಮಾಡಬೇಕು ಅಂತ ಮಕ್ಕಳನ್ನ ಕೇಳ್ರಿ. ಅವು ಹೇಳಿದ್ದನ್ನ ದೇವರ ಮುಂದ ಇಡ್ರಿ. ಅಷ್ಟ” ಎಂದರು.

“ಕಣ್ಣು ಮುಚ್ಚಿಸಬೇಕಲ್ರಿ?”

“ಮುಚ್ಚಿದ್ರ ಮನಸು ಅತ್ಲಾಗ ಇತ್ಲಾಗ ಓಡೋದಿಲ್ಲ. ಮಕ್ಕಳು, ತೆರೀತಾವ. ತೆರೀಲಿ ಬಿಡ್ರಿ” ಎನ್ನುತ್ತ ಟ್ರಂಕು ಎತ್ತಿಸಿಕೊಂಡು ಹೋದರು. ನನ್ನ ತಲೆಯಲ್ಲಿ ‘ಮುಚ್ಚಿಸಬೇಕು’ ಎಂಬುದೊಂದೇ ಉಳಿಯಿತು. ಲಿಂಗದ ಮೇಷ್ಟ್ರು ಏಸುವಿನ ಪ್ರಾರ್ಥನೆ ಕೆಡಿಸಿದ ಎಂದು ಯಾರೂ ಅನ್ನಬಾರದಲ್ಲ!

ಮೊದಲ ದಿನ ಕೇಳಿದೆ, “ಯಾರಿಗಾಗಿ ಪ್ರಾರ್ಥನೆ ಮಾಡೋಣ?”

“ನಮ್ಮ ಎಮ್ಮಿ ಕಳದೈತ್ರಿ ಸಾರ್.”

“ನಮ್ಮಣ್ಣ ಈ ಸಲನರ ಪಾಸಾಗ್ಲಿ ಸಾರ್.”

ಕೊನೆಗೆ ನನ್ನ ಕ್ಲಾಸಿನ ಹುಲಿಗೆಮ್ಮ ಎದ್ದಳು. ಹಚ್ಚೊಳ್ಳಿ ಕಡೆಯ ಹುಡುಗಿ. ಬಳ್ಳಾರಿಯಲ್ಲಿ ಅಜ್ಜಿಯ ಮನೆಯಲ್ಲಿದ್ದಳು. ಅವಳ ತಾಯಿ ಒಂದು ತಿಂಗಳಿಂದ ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದಳು. “ನಮ್ಮವ್ವಗ ಆರಾಮ ಆಗ್ಲಿ ಸಾರ್” ಎಂದು ಹೇಳಿ ಲಂಗ ಸರಿಮಾಡಿಕೊಂಡು ಕೂತಳು.

ನಾನು ಕಣ್ಣು ಮುಚ್ಚಿ, ಎಮ್ಮೆಯಿಂದ ಹಿಡಿದು ಎಲ್ಲರನ್ನೂ ಭಗವಂತನ ಪಾದಕ್ಕೆ ಒಪ್ಪಿಸಿ, ಗಂಭೀರವಾಗಿ ‘ಆಮೆನ್’ ಎಂದು ಕಣ್ಣು ತೆರೆದೆ. ಎದುರಿಗೆ ಎರಡು ಸಾಲು ಮಕ್ಕಳಿದ್ದರು. ಮೂರನೆಯ ಸಾಲು ಹುಣಸೆಮರದ ಮೇಲಿತ್ತು!

ಮರುದಿನದಿಂದ ನಾನು ಕಣ್ಣು ಮುಚ್ಚುವುದನ್ನು ಬಿಟ್ಟೆ. ಬಾಯಿಯಲ್ಲಿ “ದಯಾಮಯನಾದ ದೇವರೇ”, ಕಣ್ಣು ಮಾತ್ರ ಪೊಲೀಸನದು. ಸಾಲದೆಂದು ಒಬ್ಬ ಮಾನಿಟರನ್ನು ನೇಮಿಸಿದೆ. “ಸಾರ್, ಮಾನಿಟರೇ ಕಣ್ಣು ತೆರದಾನ್ರಿ!” ಎಂದು ದೂರು ಬಂತು. ಅವನ ಮೇಲೆ ಇನ್ನೊಬ್ಬನನ್ನು ಹಾಕಿದೆ. ನಾಲ್ಕೇ ದಿನದಲ್ಲಿ ಶಾಲೆಯಲ್ಲಿ ಪ್ರಾರ್ಥಿಸುವವರಿಗಿಂತ ಕಾಯುವವರೇ ಹೆಚ್ಚಾದರು!

ಆಗ ನಾನು ಆ ಮಹತ್ಕಾರ್ಯಕ್ಕೆ ಕೈಹಾಕಿದೆ. ಉದ್ದನೆಯ ನೋಟ್‌ಬುಕ್ಕಿಗೆ ಖಾಕಿ ರಟ್ಟು ಹಾಕಿ, ಮೇಲೆ ದುಂಡಗೆ ಬರೆದೆ: ‘ಪ್ರಾರ್ಥನಾ ಸಮಯದಲ್ಲಿ ನೇತ್ರ ತೆರೆದ ವಿದ್ಯಾರ್ಥಿಗಳ ದಾಖಲೆ ಪುಸ್ತಕ’. ಒಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಕ್ರಮಸಂಖ್ಯೆ, ಹೆಸರು, ತರಗತಿ, ತೆರೆದ ಕಣ್ಣು — ಎಡವೋ, ಬಲವೋ, ಎರಡೂವೋ! ಅದನ್ನು ಎತ್ತಿ ಹಿಡಿದು ಮಕ್ಕಳಿಗೆ ಹೇಳಿದೆ, “ಕಣ್ಣು ತೆರೆದವರ ಪ್ರಾರ್ಥನೆ ದೇವರಿಗೆ ಮುಟ್ಟುವುದಿಲ್ಲ. ನೆನಪಿರಲಿ!”

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಯಾವ ಗ್ರಂಥದಲ್ಲೂ ಓದಿರಲಿಲ್ಲ. ಬಾಯಿಗೆ ಬಂತು, ಅಂದೆ. ಮಕ್ಕಳು ಗಪ್‌ಚಿಪ್ ಆದರು. ನನಗೆ ಬಹಳ ಖುಷಿಯಾಯಿತು.

ಮೂರ್ನಾಲ್ಕು ದಿನದ ಮೇಲೆ ಒಂದು ಸಂಜೆ ಒಗ್ಗರಣೆ ಮಂಡಕ್ಕಿ ತಿನ್ನುತ್ತ ಹೆಂಡತಿ ಗೌರಮ್ಮನಿಗೆ ರಿಜಿಸ್ಟರ್ ತೋರಿಸಿದೆ. ಅವಳು ತಿರುವಿ ಹಾಕಿ ನೋಡಿದಳು.

“ರೀ, ಕುರುಗೋಡಿನ್ಯಾಗ ಮಾವಾರು ಲಿಂಗಪೂಜಿ ಮಾಡುವಾಗ ಕಣ್ಣು ಮುಚ್ತಾರೇನ್ರಿ? ಅಂಗೈಯಾಗ ಲಿಂಗ ಇಟ್ಟುಕೊಂಡು ರೆಪ್ಪಿ ಬಡೀದಂಗ ನೋಡ್ತಾರ. ಹಂಗಾರ ಅವರ ಪೂಜಿ ಇಷ್ಟು ವರ್ಷ ಮುಟ್ಟಿಲ್ಲೇನು?”

“ಅದು ಮನಿ ಪೂಜಿ. ಇದು ಸಾಲಿ ಶಿಸ್ತು. ನಿನಗ ತಿಳಿಯಂಗಿಲ್ಲ.”

“ನನಗ ತಿಳಿಯಂಗಿಲ್ಲ ಬಿಡ್ರಿ. ಈ ಹುಲಿಗೆಮ್ಮ ಯಾರು? ಪುಟದ ತುಂಬ ಅಕೀನ ಅದಾಳಲ್ಲ?”

ನಿಜ. ದಿನಾ ಹುಲಿಗೆಮ್ಮನದೇ ಹೆಸರು. ತಾಯಿಗಾಗಿ ಪ್ರಾರ್ಥಿಸಿ ಎಂದು ಕೇಳುವವಳೂ ಅವಳೇ, ಎರಡೂ ಕಣ್ಣು ತೆರೆದು ಗೇಟಿನ ಕಡೆ ನೋಡುವವಳೂ ಅವಳೇ! ಎರಡನೆಯ ವಾರ ಅವಳನ್ನು ಎದುರಿಗೆ ನಿಲ್ಲಿಸಿಕೊಂಡೆ.

“ಗೇಟಿನ್ಯಾಗ ಏನೈತವ್ವ ನಿಂದು?”

“ಅವ್ವಗ ಆರಾಮಾದ ಕೂಡ್ಲೇ ಸೈಕಲ್ ಮ್ಯಾಲೆ ಸಾಲಿಗೇ ಬರ್ತೀನಿ ಅಂತ ಅಪ್ಪ ಹೇಳ್ಯಾನ್ರಿ. ಅದಕ್ಕ ನೋಡ್ತೀನ್ರಿ ಸಾರ್.”

ಯಾವ ಮನುಷ್ಯನಾದರೂ ಅಲ್ಲಿಗೆ ಪುಸ್ತಕ ಮುಚ್ಚುತ್ತಿದ್ದ. ನಾನು ಮೇಷ್ಟ್ರು! ಅವಳ ಕಣ್ಣೆದುರಿಗೇ ಕೆಂಪು ಶಾಯಿಯಲ್ಲಿ ‘ಎರಡೂ’ ಎಂದು ಬರೆದು, “ನೀ ಹಿಂಗ ಕಣ್ಣು ತೆರೆದ್ರ ನಿಮ್ಮವ್ವಗ ಹೆಂಗ ಆರಾಮ ಆಗತೈತಿ?” ಎಂದುಬಿಟ್ಟೆ. ಈ ಮಾತನ್ನು ಬರೆಯುವಾಗ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಹುಡುಗಿ ಹೋಗಿ ತನ್ನ ಜಾಗದಲ್ಲಿ ಕೂತಳು.

ಮರುದಿನ ಅವಳು ಕಣ್ಣು ಮುಚ್ಚಿದ ರೀತಿ ನೋಡಬೇಕಿತ್ತು. ರೆಪ್ಪೆ ಬಿಗಿದು, ಅದರ ಮೇಲೆ ಎರಡೂ ಅಂಗೈ ಒತ್ತಿಕೊಂಡು, ಹಲ್ಲು ಕಚ್ಚಿ ಕೂತಿದ್ದಳು. ನನ್ನ ಪದ್ಧತಿ ಗೆದ್ದಿತು ಎಂದು ಒಳಗೊಳಗೇ ಬೀಗುತ್ತ ಪ್ರಾರ್ಥನೆ ಶುರುಮಾಡಿದೆ. ಎಂದಿನಂತೆ ನನ್ನ ಕಣ್ಣು ತೆರೆದೇ ಇತ್ತು. ಗೇಟಿನಲ್ಲಿ ಒಂದು ಸೈಕಲ್ ಬಂದು ನಿಂತಿತು.

ಹುಲಿಗೆಮ್ಮನ ಅಪ್ಪ. ತಲೆಯ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಒಳಗೆ ಬರಲಿಲ್ಲ. ನನ್ನನ್ನು ನೋಡಿ, ಆ ವಸ್ತ್ರದಿಂದ ಬಾಯಿ ಮುಚ್ಚಿಕೊಂಡು, ಇಲ್ಲ ಎಂಬಂತೆ ತಲೆ ಆಡಿಸಿದ.

ನನಗೆ ಗೊತ್ತಾಯಿತು. ಈಗ ‘ಆಮೆನ್’ ಅಂದರೆ ಆ ಹುಡುಗಿ ಕಣ್ಣು ತೆರೆಯುತ್ತಾಳೆ. ನಾನು ಅನ್ನಲಿಲ್ಲ. ಪ್ರಾರ್ಥನೆ ಮುಂದುವರಿಸಿದೆ. ಕಳೆದುಹೋದ ಎಮ್ಮೆಗಾಗಿ ಮತ್ತೊಮ್ಮೆ ಪ್ರಾರ್ಥಿಸಿದೆ. ಅದು ಸಿಕ್ಕು ವಾರವಾಗಿತ್ತು! ಕಾಲುವೆ ನೀರಿಗಾಗಿ, ಹತ್ತಿ ಬೆಳೆಗಾಗಿ, ಕೊಳಗಲ್ಲಿನ ಬಸ್ಸು ಹೊತ್ತಿಗೆ ಸರಿಯಾಗಿ ಬರಲೆಂದು, ಜಿಲ್ಲಾಧಿಕಾರಿಗಳ ಆರೋಗ್ಯಕ್ಕಾಗಿ ಬೇಡಿದೆ. ಮಕ್ಕಳು ಕೆಮ್ಮತೊಡಗಿದರು. ಮಾನಿಟರುಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಎಲ್ಲರ ಕಣ್ಣೂ ತೆರೆದಿದ್ದವು. ಹುಲಿಗೆಮ್ಮ ಒಬ್ಬಳು ಮಾತ್ರ ಅಂಗೈ ತೆಗೆಯಲಿಲ್ಲ. ಕೊನೆಗೆ ಬೇಡಲು ಏನೂ ಉಳಿಯದೆ ನನ್ನ ಧ್ವನಿ ತಾನೇ ನಿಂತುಹೋಯಿತು. ಮಕ್ಕಳೇ ‘ಆಮೆನ್’ ಎಂದು ಕೂಗಿದರು.

ಅವಳು ಕಣ್ಣು ತೆರೆದು ಗೇಟಿನ ಕಡೆ ನೋಡಿದಳು. “ಮುಟ್ಟಿತ್ರಿ ಸಾರ್! ಮುಟ್ಟಿತು! ಅಪ್ಪ ಬಂದ!” ಎಂದು ಕಿರುಚಿ, ಪಾಟಿಚೀಲ ಅಲ್ಲೇ ಬಿಟ್ಟು ಓಡಿದಳು. ನಾನು ತಡೆಯಬಹುದಿತ್ತು. ತಡೆಯಲಿಲ್ಲ.

ತಾಯಿಯ ದಿನಕರ್ಮ ಎಲ್ಲ ಮುಗಿಸಿ ಅವಳು ಶಾಲೆಗೆ ಬರುವ ಹೊತ್ತಿಗೆ ಎಸ್ತರಮ್ಮನವರೂ ಸಿರುಗುಪ್ಪದಿಂದ ಬಂದಿದ್ದರು. ನಾವಿಬ್ಬರೂ ಆಫೀಸು ಕೋಣೆಯಲ್ಲಿದ್ದೆವು. ಹುಲಿಗೆಮ್ಮ ಒಳಗೆ ಬಂದು ನನ್ನ ಮೇಜಿನ ಮುಂದೆ ನಿಂತಳು.

“ಸಾರ್, ಆ ಪುಸ್ತಕದಾಗ ನನ್ನ ಹೆಸರು ಎಷ್ಟು ಸಲ ಐತ್ರಿ?”

“ಯಾಕವ್ವ?”

“ಒಂದು ದಿನ ಅಷ್ಟ ಮುಚ್ಚಿದ್ದೆ. ಉಳಿದ ದಿನ ತೆರೆದಿದ್ದೆ. ಅದಕ್ಕ ಮುಟ್ಟಿಲ್ಲಲ್ರಿ?”

“ಇಲ್ಲವ್ವ, ಹಂಗೇನಿಲ್ಲ, ನಾ ಸುಮ್ಮನ ಹೇಳಿದ್ದೆ” ಎಂದೆ. ಅವಳು ನಂಬಲಿಲ್ಲ. ಹೇಗೆ ನಂಬುತ್ತಾಳೆ? ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದದ್ದು ಸುಳ್ಳಾಗುವುದುಂಟೇ! ಅವಳ ಕಣ್ಣು ಖಾಕಿ ರಟ್ಟಿನ ಮೇಲೇ ಇತ್ತು. ನಾನು ಎಸ್ತರಮ್ಮನವರ ಕಡೆ ನೋಡಿದೆ.

“ಹುಲಿಗೆಮ್ಮ, ನೀ ಕಣ್ಣು ತೆರೆದದ್ದು ನನಗ ಹೆಂಗ ಗೊತ್ತಾತು?” ಎಂದು ಕೇಳಿದೆ.

ಅವಳು ಯೋಚಿಸಿದಳು.

“ನೀವೂ... ತೆರೆದಿದ್ರೇನ್ರಿ?”

“ದಿನಾ.”

“ಎರಡೂ?”

“ಎರಡೂ.” ರಿಜಿಸ್ಟರ್ ಬಿಚ್ಚಿ ಅವಳ ಎದುರಿಗೇ ಪ್ರತಿ ದಿನದ ಮೊದಲ ಗೆರೆಯ ಮೇಲೆ ನನ್ನ ಹೆಸರು ಬರೆದೆ, ಕೆಂಪು ಶಾಯಿಯಲ್ಲೇ. ತೆರೆದ ಕಣ್ಣು: ಎರಡೂ. ಅವಳು ಬೆರಳಿಟ್ಟು ಒಂದೊಂದೇ ಓದಿದಳು.

“ಹಂಗಾರ ಪ್ರಾರ್ಥನಿ ಕೆಡಿಸಿದವರು ನೀವ?”

“ನಾನ ಅವ್ವ. ನೀ ಅಲ್ಲ.”

ಅವಳು ಅಳಲು ಶುರುಮಾಡಿದಳು. ಅಷ್ಟು ದಿನ ಆ ಹುಡುಗಿ ಅತ್ತೇ ಇರಲಿಲ್ಲವಂತೆ. ಅಜ್ಜಿ ಆಮೇಲೆ ಹೇಳಿದಳು. ಎಸ್ತರಮ್ಮನವರು ಎದ್ದು ಬಂದು ಅವಳನ್ನು ಸೆರಗಿನೊಳಗೆ ಎಳೆದುಕೊಂಡರು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಹೋಗ್ಲಿ ಬಿಡ್ರಿ ಸಾರ್. ನಿಮಗ ಯಾರೂ ಹೇಳಿಕೊಟ್ಟಿದ್ದಿಲ್ಲ” ಎಂದಳು.

ಅವಳು ಹೋದ ಮೇಲೆ ಎಸ್ತರಮ್ಮನವರಿಗೆ, “ಮಗುವಿಗೆ ಸುಳ್ಳು ಹೇಳಿದೆ ಟೀಚರ್” ಎಂದೆ.

“ಮೊದಲು ಹೇಳಿದ್ದು ಸುಳ್ಳು ಮೇಷ್ಟ್ರೇ. ಇದು ಇರಲಿ ಬಿಡ್ರಿ. ದೊಡ್ಡಾಕಿ ಆದ ಮ್ಯಾಲೆ ಅಕಿನ ತಿಳಕೊಂತಾಳ” ಎಂದು ಪುಸ್ತಕವನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಮರುದಿನ ಪ್ರಾರ್ಥನೆಗೆ ಎಸ್ತರಮ್ಮನವರೇ ನಿಂತರು. ನಾನು ಕೊನೆಯ ಸಾಲಿನ ಹಿಂದೆ ಹೋಗಿ ನಿಂತೆ. ಹುಲಿಗೆಮ್ಮ ತನ್ನ ಸಾಲು ಬಿಟ್ಟು ಎದ್ದು ಬಂದು, ಗೇಟಿಗೆ ಬೆನ್ನು ಮಾಡಿ, ನನ್ನ ಎದುರಿಗೇ ನಿಂತುಕೊಂಡಳು.

“ಮುಚ್ಚರಿ ಸಾರ್” ಎಂದು ಪಿಸುಗುಟ್ಟಿದಳು. “ನಾ ನೋಡ್ತೀನಿ.”

ಮುಚ್ಚಿದೆ. ‘ಆಮೆನ್’ ಆಯಿತು, ಮಕ್ಕಳೆಲ್ಲ ಕ್ಲಾಸಿಗೆ ಓಡುವ ಸದ್ದಾಯಿತು. ನನಗೆ ಮಾತ್ರ ಕಣ್ಣು ತೆರೆಯಲು ಧೈರ್ಯ ಬರಲಿಲ್ಲ.

“ಆತ್ರಿ ಸಾರ್, ಈಗ ತೆರೀರಿ” ಎಂದಳು ಮೂರನೆಯ ಕ್ಲಾಸಿನ ಹುಡುಗಿ. ಟ್ರೈನಿಂಗ್ ಪಾಸಾದ ಮೇಷ್ಟ್ರು ನಾನು, ಅವಳು ಹೇಳಿದ ಮೇಲೆ ತೆರೆದೆ.